ಬಹುಪಕ್ಷೀಯ ನಿಧಿ (ಮಾಂಟ್ರಿಯಲ್ ಒಪ್ಪಂದ)

ಓಝೋನ್ ಪದರವನ್ನು ಸವೆಸುವ ರಾಸಾಯನಿಕಗಳನ್ನು ಕೈಬಿಡಲು ಅಭಿವೃದ್ಧಿಶೀಲ ದೇಶಗಳಿಗೆ ನೆರವು ನೀಡುವ ಅಂತಾರಾಷ್ಟ್ರೀಯ ನಿಧಿ. ಮಾಂಟ್ರಿಯಲ್ ಒಪ್ಪಂದದ ಸದಸ್ಯ ರಾಷ್ಟ್ರಗಳ 1990ರ ಲಂಡನ್ ಸಭೆಯಲ್ಲಿ ರೂಪುಗೊಂಡು 1991ರಲ್ಲಿ ಕಾರ್ಯಾರಂಭ ಮಾಡಿತು. ಕಾರ್ಯಾಲಯ ಕೆನಡಾದ ಮಾಂಟ್ರಿಯಲ್ ನಗರದಲ್ಲಿದೆ. ಹಣ ಕೊಡುವವು ಕೈಗಾರಿಕಾ ರಾಷ್ಟ್ರಗಳು. ಆದರೆ 14 ಸದಸ್ಯರ ಕಾರ್ಯಕಾರಿ ಸಮಿತಿಯಲ್ಲಿ ಕೈಗಾರಿಕಾ ಹಾಗೂ ಅಭಿವೃದ್ಧಿಶೀಲ ದೇಶಗಳಿಗೆ ತಲಾ ಏಳು ಸ್ಥಾನ. ನೆರವಿನ ಸಂಸ್ಥೆಗಳಲ್ಲಿ ಈ ಸಮಪಾಲು ಅಪರೂಪ. ಹಳೆಯ ತಂತ್ರಜ್ಞಾನದಿಂದ ಹೊಸದಕ್ಕೆ ಹೊರಳಲು ತಗಲುವ ಹೆಚ್ಚುವರಿ ವೆಚ್ಚವನ್ನಷ್ಟೇ ನಿಧಿ ಭರಿಸುತ್ತದೆ. ಯೋಜನೆಗಳು ವಿಶ್ವಸಂಸ್ಥೆಯ ಮೂರು ಅಂಗಸಂಸ್ಥೆಗಳು ಹಾಗೂ ವಿಶ್ವಬ್ಯಾಂಕ್ ಮೂಲಕ ಜಾರಿಯಾಗುತ್ತವೆ.

ಹಣ ಮತ್ತು ತಂತ್ರಜ್ಞಾನದ ಭರವಸೆಗೆ ಪಟ್ಟು ಹಿಡಿದಿದ್ದ ಭಾರತ 1992ರಲ್ಲಿ ಒಪ್ಪಂದ ಸೇರಿತು. ಇಲ್ಲಿ ಓಝೋನ್ ಸವೆಸುವ ಸಿಎಫ್‌ಸಿ ಉತ್ಪಾದನೆಯನ್ನು ಹಂತಹಂತವಾಗಿ ನಿಲ್ಲಿಸಲು 1999ರಲ್ಲಿ 8.2 ಕೋಟಿ ಡಾಲರ್ ಮಂಜೂರಾಯಿತು. ಉತ್ಪಾದನೆ 2008ರಲ್ಲಿ ಮುಗಿಯಿತು. ಫೋಮ್ ತಯಾರಿಕೆಯಲ್ಲಿ ಇಂಥದೇ ಇನ್ನೊಂದು ರಾಸಾಯನಿಕವಾದ ಎಚ್‌ಸಿಎಫ್‌ಸಿ-141ಬಿ ಬಳಕೆ 2020ರ ಜನವರಿ 1ಕ್ಕೆ ಕೊನೆಗೊಂಡಿತು. ರೆಫ್ರಿಜರೇಟರ್ ಮೆಕ್ಯಾನಿಕ್‌ಗಳ ತರಬೇತಿಗೂ ನಿಧಿಯ ಹಣ ಬಂದಿದೆ: ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರ್‌ಗೆ ಹಿಂಪಡೆಯುವುದು ಅದರ ಮುಖ್ಯ ಪಾಠ. ಉಡುಪಿ ಜಿಲ್ಲೆಯ ಶಿರ್ವ, ಕಾಪು, ಕಾರ್ಕಳದಂಥ ಊರುಗಳ ಫ್ರಿಜ್, ಎಸಿ ದುರಸ್ತಿಗೆ ಸಂಬಂಧಿಸುವುದು ಈ ಭಾಗವೇ. ಆದರೆ ಮೀನುಗಾರಿಕೆಯ ಮಂಜುಗಡ್ಡೆ ಸ್ಥಾವರಗಳಲ್ಲಿ ಸಾಮಾನ್ಯವಾಗಿರುವ ಅಮೋನಿಯಾ ವಿಷಕಾರಿಯಾದರೂ ಓಝೋನ್‌ಗೆ ಹಾನಿಕರವಲ್ಲ; ಅದು ಒಪ್ಪಂದದ ನಿಯಂತ್ರಣಪಟ್ಟಿಯಲ್ಲಿಲ್ಲ. 2016ರ ಕಿಗಾಲಿ ತಿದ್ದುಪಡಿಯಿಂದ, ಹವಾಮಾನವನ್ನು ಬಿಸಿಯೇರಿಸುವ ಎಚ್‌ಎಫ್‌ಸಿಗಳ ಕಡಿತವೂ ನಿಧಿಯ ವ್ಯಾಪ್ತಿಗೆ ಬಂದಿದೆ.