ಲೀಥಿಯಂ: ಬಂಡೂರಾದಲ್ಲಿ ಶುರುವಾದ ಚಿಕಿತ್ಸೆ



ನಾನಿಂದು ಹೇಳಹೊರಟಿರುವುದು ನಾವು ದುಡಿಯುತ್ತಿರುವ ಇದೇ ಮೆಲ್ಬರ್ನ್‌ನ ಇತಿಹಾಸದ ಒಂದು ಪುಟ. ಕೆಲವು ಕಾಲ ಮಿತಿಮೀರಿದ ಉನ್ಮಾದ, ಕೆಲವು ಕಾಲ ಆಳವಾದ ಖಿನ್ನತೆ ತರುವ ಕಾಯಿಲೆಯೇ ಬೈಪೋಲಾರ್. ಇದಕ್ಕೆ ಇಂದಿಗೂ ಮುಖ್ಯ ಔಷಧಿಗಳಲ್ಲೊಂದಾದ ಲೀಥಿಯಂನ ಆಧುನಿಕ ಬಳಕೆ ಶುರುವಾದದ್ದು ನಮ್ಮ ಬಂಡೂರಾದ ಆಸ್ಪತ್ರೆಯಲ್ಲಿ.

ಡಾ. ಜಾನ್ ಕೇಡ್ ಎರಡನೇ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಯುದ್ಧಕೈದಿಯಾಗಿದ್ದವರು. ಬಿಡುಗಡೆಯಾಗಿ ಬಂದ ಮೇಲೆ, ಉನ್ಮಾದಕ್ಕೆ ದೇಹದೊಳಗಿನ ಯಾವುದೋ ವಿಷವೇ ಕಾರಣವಿರಬಹುದೆಂದು ಶಂಕಿಸಿ, ಗಿನಿಪಿಗ್‌ಗಳ ಮೇಲೆ ಪ್ರಯೋಗ ಮಾಡಿದರು. ಯೂರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸುವುದು ಕಷ್ಟ. ಅದಕ್ಕಾಗಿ ಲೀಥಿಯಂ ಲವಣ ಬಳಸಿದಾಗ ಪ್ರಾಣಿಗಳು ಶಾಂತವಾದವು. ಕೇಡ್ ಮೊದಲು ತಾವೇ ಲೀಥಿಯಂ ಸೇವಿಸಿ ನೋಡಿದರು.

1948ರ ಮಾರ್ಚ್‌ನಲ್ಲಿ, ಐದು ವರ್ಷಗಳಿಂದ ಉನ್ಮಾದದಲ್ಲಿದ್ದ 51 ವರ್ಷದ ರೋಗಿಯೊಬ್ಬರಿಗೆ ಅದನ್ನು ಕೊಟ್ಟರು. ಜುಲೈ ಹೊತ್ತಿಗೆ ಅವರು ಮನೆಗೆ ಹೋದರು, ಹಳೆಯ ಕೆಲಸಕ್ಕೂ ಮರಳಿದರು. 1949ರ ಸೆಪ್ಟೆಂಬರ್‌ನಲ್ಲಿ ಉನ್ಮಾದದ ಹತ್ತು ರೋಗಿಗಳ ವಿವರವಿದ್ದ ಕೇಡ್ ಅವರ ಲೇಖನ ಪ್ರಕಟವಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಮೊದಲ ರೋಗಿ ಮಾತ್ರೆ ನಿಲ್ಲಿಸಿದರು, ಕಾಯಿಲೆ ಮರುಕಳಿಸಿತು. ಮತ್ತೆ ಔಷಧಿ ಆರಂಭವಾದಾಗ ದೇಹದಲ್ಲಿ ಲೀಥಿಯಂ ಮಿತಿಮೀರಿ, 1950ರಲ್ಲಿ ತೀರಿಕೊಂಡರು. ಅದೇ ಔಷಧಿ ಬದುಕಿಸಿತು, ಅದೇ ಕೊಂದಿತು. ರಕ್ತದಲ್ಲಿ ಲೀಥಿಯಂ ಎಷ್ಟಿದೆಯೆಂದು ಅಳೆದು ಕೊಡುವ ದಾರಿಯನ್ನು ಇದೇ ನಗರದ ನೋಯಾಕ್ ಮತ್ತು ಟ್ರೌಟ್ನರ್ 1951ರಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ಅನುಭವದೊಂದಿಗೆ ತೋರಿಸಿಕೊಟ್ಟರು. 1954ರಲ್ಲಿ ಡೆನ್ಮಾರ್ಕ್‌ನ ಮೊಗೆನ್ಸ್ ಶೌ ತಂಡ ಕ್ರಮಬದ್ಧ ಪರೀಕ್ಷೆ ನಡೆಸಿತು. ಅಮೆರಿಕ ಅನುಮತಿ ಕೊಟ್ಟದ್ದು 1970ರಲ್ಲಿ.

ಬಂಧುಗಳೇ, ಈ ಇತಿಹಾಸ ನಮಗೇಕೆ? ಕೆಲಸ ಹೋದೀತು, ವೀಸಾಕ್ಕೆ ತೊಡಕಾದೀತು, ಊರಲ್ಲಿ ತಿಳಿದರೆ ಮದುವೆ ಮಾತುಕತೆ ನಿಂತೀತು ಎಂದು ಹೆದರಿ ಮಾತ್ರೆ ಬಚ್ಚಿಡುವವರು, ಗುಣವಾಯಿತೆಂದು ತಾವೇ ಬಿಡುವವರು ನಮ್ಮಲ್ಲೂ ಇದ್ದಾರೆ. ಲೀಥಿಯಂ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ರಕ್ತಪರೀಕ್ಷೆ ತಪ್ಪಿಸಬಾರದು. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದರೆ, ವಾಂತಿಭೇದಿಯಾದರೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಏರಬಹುದು. ಕೈನಡುಕ ಹೆಚ್ಚಾದರೆ, ನಡಿಗೆ ತಪ್ಪಿದರೆ, ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿಪಿ, ಶುಗರ್ ಮಾತ್ರೆಯ ಬಗ್ಗೆ ನಾವು ಊಟದ ಮೇಜಿನಲ್ಲೇ ಮಾತಾಡುತ್ತೇವೆ. ಈ ಮಾತ್ರೆಗೂ ಅಷ್ಟೇ ಜಾಗ ಕೊಡೋಣ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.