‘ಯಜಮಾನಿಕೆ’ಯ ರಷ್ಯನ್ ತವರು

ನಮ್ಮ ವಿಚಾರಗೋಷ್ಠಿಗಳಲ್ಲಿ ‘ಯಜಮಾನಿಕೆ’ ಎಂಬ ಮಾತು ಬಂತೆಂದರೆ ಅದು ಬೈಗುಳವೇ ಸರಿ. ಮೇಲ್ಜಾತಿಯ ಯಜಮಾನಿಕೆ, ಗಂಡಸರ ಯಜಮಾನಿಕೆ, ಇಂಗ್ಲಿಷಿನ ಯಜಮಾನಿಕೆ. ‘ಹೆಜಿಮನಿ’ಗೆ ನಾವು ಇಟ್ಟುಕೊಂಡ ಹೆಸರಿದು. ಇದರ ಹಿಂದೆ ಇಟಲಿಯ ಗ್ರಾಮ್ಷಿ ಇದ್ದಾನೆಂದು ಓದಿದವರಿಗೆ ಗೊತ್ತು. ಆದರೆ ಅವನು ಈ ಪದವನ್ನು ಪಡೆದದ್ದು ರಷ್ಯನ್ನರಿಂದ. ಅವರ ಬಾಯಲ್ಲಿ ಅದು ಬೈಗುಳವಾಗಿರಲಿಲ್ಲ.

1883ರಲ್ಲಿ ಪ್ಲೆಖಾನೊವ್, ಆಕ್ಸೆಲ್‌ರೋದ್, ವೇರಾ ಜಸೂಲಿಚ್ ಮೊದಲಾದ ಐವರು ದೇಶಭ್ರಷ್ಟರು ಜಿನೀವಾದಲ್ಲಿ ‘ಶ್ರಮ ವಿಮೋಚನಾ ಗುಂಪು’ ಕಟ್ಟಿದರು. ಆಕ್ಸೆಲ್‌ರೋದ್ ಬಡವ. ಜ್ಯೂರಿಕ್‌ನಲ್ಲಿ ಹೆಂಡತಿಯೊಡನೆ ಕೆಫೀರ್ (ನಮ್ಮ ಮಜ್ಜಿಗೆಯ ದೂರದ ನೆಂಟ ಅನ್ನಿ) ಮಾಡಿ ಮಾರಿ ಸಂಸಾರ ತೂಗಿಸುತ್ತಿದ್ದ. ಇವರನ್ನು ಕಾಡಿದ್ದು ಒಂದೇ ಪ್ರಶ್ನೆ. 1897ರ ಜನಗಣತಿಯ ಪ್ರಕಾರ ಝಾರ್ ಸಾಮ್ರಾಜ್ಯದ ಜನ ಹನ್ನೆರಡೂವರೆ ಕೋಟಿ, ಅದರಲ್ಲಿ ಮುಕ್ಕಾಲು ಪಾಲು ರೈತರು. ಬಂಡವಾಳಗಾರರಿಗೆ ಝಾರ್‌ನನ್ನು ಎದುರಿಸುವ ಎದೆಗಾರಿಕೆಯಿಲ್ಲ. ಕಾರ್ಖಾನೆಯ ಕಾರ್ಮಿಕರೋ ಹಿಡಿಯಷ್ಟು. ಆ ಹಿಡಿಯಷ್ಟು ಜನ ಅಷ್ಟೊಂದು ಜನರ ಮುಂದಾಳಾಗುವುದು ಹೇಗೆ?

ಬರೀ ತಮ್ಮ ಕೂಲಿಗಾಗಿ ಕೂಗಿದರೆ ಸಾಲದು, ಝಾರ್‌ಶಾಹಿಯಲ್ಲಿ ನೊಂದವರೆಲ್ಲರ ನೋವನ್ನೂ ಎತ್ತಿಕೊಳ್ಳಬೇಕು ಎಂಬುದು ಆಕ್ಸೆಲ್‌ರೋದ್ ಕಂಡುಕೊಂಡ ಉತ್ತರ. ಅದಕ್ಕೆ ಸಿಕ್ಕ ಹೆಸರು ‘ಗೆಗೆಮೋನಿಯಾ’. ಗ್ರೀಕಿನ ‘ಹ’ ರಷ್ಯನ್ನಿನಲ್ಲಿ ‘ಗ’ ಆಗುತ್ತದೆ. ಗ್ರೀಕರಲ್ಲಿ ಅದು ಮಿತ್ರ ನಗರರಾಜ್ಯಗಳ ಮುಂದಾಳತ್ವ. ಉರ್ದುವಿನಲ್ಲಿ ಹೇಳುವುದಾದರೆ ‘ಗಲ್ಬಾ’ಕ್ಕಿಂತ ‘ರಹನುಮಾಯಿ’ಗೆ ಹತ್ತಿರ.

ಲೆನಿನ್ ಇದನ್ನು ಬೀದಿಗೆ ತಂದ. 1901ರಲ್ಲಿ ಕೀವ್ ವಿಶ್ವವಿದ್ಯಾಲಯದ 183 ವಿದ್ಯಾರ್ಥಿಗಳನ್ನು ಪ್ರತಿಭಟಿಸಿದ ತಪ್ಪಿಗೆ ಸೈನ್ಯಕ್ಕೆ ದೂಡಿದರು. ‘ಓದುವ ಹುಡುಗರ ಜಗಳ ನಮಗೇಕೆ’ ಎಂದು ಸುಮ್ಮನಿರುವ ಕಾರ್ಮಿಕ ಸಮಾಜವಾದಿಯೇ ಅಲ್ಲ ಎಂಬರ್ಥದಲ್ಲಿ ಅವನು ‘ಇಸ್ಕ್ರಾ’ ಪತ್ರಿಕೆಯಲ್ಲಿ ಬರೆದ. ಇದೇ ಲೆನಿನ್ ಅಧಿಕಾರಕ್ಕೆ ಬಂದ ಮೇಲೆ, 1918ರ ಜನವರಿಯಲ್ಲಿ, ಜನ ಆರಿಸಿದ ಸಂವಿಧಾನ ಸಭೆಯನ್ನು ಒಂದೇ ದಿನಕ್ಕೆ ಚದುರಿಸಿದ. ಒಲಿಸಿಕೊಳ್ಳುವ ಕೆಲಸವನ್ನು ಬಂದೂಕಿಗೆ ಒಪ್ಪಿಸಿದಂತಾಯಿತು. ಬೊಲ್ಶೆವಿಕರನ್ನು ಕೊನೆತನಕ ವಿರೋಧಿಸಿದ ಆಕ್ಸೆಲ್‌ರೋದ್ 1928ರಲ್ಲಿ ಬರ್ಲಿನ್‌ನಲ್ಲಿ, ಪರದೇಶಿಯಾಗಿಯೇ ತೀರಿಕೊಂಡ.

ಗ್ರಾಮ್ಷಿ 1922-23ರಲ್ಲಿ ಮಾಸ್ಕೋದಲ್ಲಿದ್ದ. ಊರಿಗೆ ಮರಳಿ 1926ರಲ್ಲಿ ದಕ್ಷಿಣ ಇಟಲಿಯ ಕುರಿತು ಬರೆದ ಲೇಖನದಲ್ಲಿ ಹಳೆಯ ರಷ್ಯನ್ ಅರ್ಥವೇ ಇದೆ: ದಕ್ಷಿಣದ ರೈತರು ಹುಟ್ಟಾ ಸೋಮಾರಿಗಳೆಂಬ ಪೂರ್ವಗ್ರಹ ಬಿಡದೆ ಉತ್ತರದ ಕಾರ್ಮಿಕರು ಯಾರಿಗೂ ಮುಂದಾಳುಗಳಾಗಲಾರರು. ಲೇಖನ ಮುಗಿಯುವ ಮೊದಲೇ, ನವೆಂಬರಿನಲ್ಲಿ, ಮುಸೊಲಿನಿಯ ಪೊಲೀಸರು ಅವನನ್ನು ಹಿಡಿದೊಯ್ದರು. ಆಳುವವರು ಆಳಿಸಿಕೊಳ್ಳುವವರ ಒಪ್ಪಿಗೆಯನ್ನೂ ಹೇಗೆ ಗಳಿಸುತ್ತಾರೆ ಎಂಬ ಚಿಂತನೆ 1929ರಿಂದ ಅವನು ಸೆರೆಮನೆಯಲ್ಲಿ ಬರೆದ ನೋಟ್‌ಪುಸ್ತಕಗಳಲ್ಲಿ ಬೆಳೆಯಿತು. ನಮ್ಮ ಗೋಷ್ಠಿಗಳಿಗೆ ತಲುಪಿದ್ದು ಈ ಎರಡನೆಯದು ಮಾತ್ರ.