ಕೊಂಡ ಯಂತ್ರ, ಕೊಡದ ಕೀಲಿ: ಗೇಮ್ ಕನ್ಸೋಲ್‌ಗಳ ನಕಲು ಹಾವಳಿ ಮತ್ತು ‘ಅಪ್‌ಡೇಟ್’ ಎಂಬ ಬೀಗ

ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊದ ವೀ ಮತ್ತು ಸ್ವಿಚ್ ಇವುಗಳಲ್ಲಿ ಪ್ರಮುಖವಾದವು. ನಕಲಿ ಆಟಗಳ ಹಾವಳಿಯನ್ನು ತಡೆಯಲು ತಯಾರಕ ಕಂಪನಿಗಳು ಅಂತರ್ಜಾಲದ ಮೂಲಕ ಈ ಯಂತ್ರಗಳ ಒಳಗಿನ ತಂತ್ರಾಂಶವನ್ನು ಕಾಲಕಾಲಕ್ಕೆ ಬದಲಿಸುತ್ತವೆ. ಇದನ್ನೇ ಸಿಸ್ಟಂ ಅಪ್‌ಡೇಟ್ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಎನ್ನುವುದು. ಮನೆಯನ್ನು ಮಾರಿದ ಮೇಲೂ ಬೀಗ ಬದಲಿಸುವ ಅಧಿಕಾರವನ್ನು ಮಾರಿದವನೇ ಉಳಿಸಿಕೊಂಡಂತಹ ವ್ಯವಸ್ಥೆಯಿದು. ಬೀಗ ಬದಲಾದಾಗ ಕಳ್ಳನಷ್ಟೇ ಅಲ್ಲ, ಮನೆ ಕೊಂಡವನೂ ಹೊರಗೆ ನಿಲ್ಲಬೇಕಾಗಬಹುದು. 2010ರ ಏಪ್ರಿಲ್ 1ರಂದು ಪ್ಲೇಸ್ಟೇಷನ್ 3 ಯಂತ್ರಗಳಿಗೆ ಬಂದ 3.21 ಅಪ್‌ಡೇಟ್ ಇದಕ್ಕೆ ತಕ್ಕ ನಿದರ್ಶನ.

ಕಂಪನಿಗಳಿಗೇಕೆ ಆತಂಕ?

ಕನ್ಸೋಲ್ ವ್ಯಾಪಾರದ ಲೆಕ್ಕಾಚಾರವೇ ಬೇರೆ. ಯಂತ್ರವನ್ನು ಅನೇಕ ವೇಳೆ ಅತ್ಯಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಲಾಗುತ್ತದೆ. ಪ್ಲೇಸ್ಟೇಷನ್ 3 ಆರಂಭದ ವರ್ಷಗಳಲ್ಲಿ ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಬಿಕರಿಯಾದ ಯಂತ್ರ. ಈ ನಷ್ಟವನ್ನು ತುಂಬಿಕೊಡುವುದು ಆಟಗಳ ಮಾರಾಟ. ಬೇರೆ ಕಂಪನಿಗಳು ತಯಾರಿಸಿದ ಆಟಗಳ ಪ್ರತಿಯೊಂದು ಪ್ರತಿಗೂ ಕನ್ಸೋಲ್ ತಯಾರಕರಿಗೆ ರಾಜಧನ ಸಲ್ಲುತ್ತದೆ. ಆದ್ದರಿಂದ ನಕಲಿ ಡಿಸ್ಕ್ ಒಂದು ಮಾರಾಟವಾದರೆ ಆಟ ಬರೆದವರಿಗೂ ಯಂತ್ರ ತಯಾರಿಸಿದವರಿಗೂ ಪೆಟ್ಟು. ದೊಡ್ಡ ಆಟವೊಂದರ ಹಿಂದೆ ನೂರಾರು ಜನರ ಹಲವು ವರ್ಷಗಳ ದುಡಿಮೆಯಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಈ ಕಾರಣದಿಂದಲೇ ಕನ್ಸೋಲ್ ತನ್ನೊಳಗೆ ಬಂದ ಪ್ರತಿಯೊಂದು ಆಟವನ್ನೂ ಪರೀಕ್ಷಿಸುತ್ತದೆ. ಕಂಪನಿ ತನ್ನ ಬಳಿಯಿರುವ ಗುಪ್ತ ಕೀಲಿಯಿಂದ ಆಟಕ್ಕೆ ಡಿಜಿಟಲ್ ಸಹಿ ಹಾಕಿರುತ್ತದೆ. ಸಹಿ ಸರಿಯಿದ್ದರೆ ಮಾತ್ರ ಯಂತ್ರ ಆಟಕ್ಕೆ ಬಾಗಿಲು ತೆರೆಯುತ್ತದೆ. ನಕಲುಕೋರರ ಪ್ರಯತ್ನವೆಲ್ಲ ಈ ಪರೀಕ್ಷೆಯನ್ನು ತಪ್ಪಿಸುವುದರತ್ತಲೇ ನಡೆಯುತ್ತದೆ.

ಮಾಡ್‌ಚಿಪ್ ಕಾಲ

ಬೀಗದ ಕಥೆ ಹಳೆಯದು. ನಿಂಟೆಂಡೊ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಎನ್‌ಇಎಸ್ ಯಂತ್ರದಲ್ಲಿಯೇ ಪರವಾನಗಿಯಿಲ್ಲದ ಆಟಗಳನ್ನು ತಡೆಯುವ ಪ್ರತ್ಯೇಕ ಚಿಪ್ ಇತ್ತು. 1994ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಮೊದಲ ಪ್ಲೇಸ್ಟೇಷನ್ ಬೇರೊಂದು ಉಪಾಯ ಬಳಸಿತು. ಅಸಲಿ ಡಿಸ್ಕ್‌ಗಳಲ್ಲಿ ಕಾರ್ಖಾನೆಯಲ್ಲಿಯೇ ಮೂಡಿಸಿದ ಗುರುತೊಂದಿತ್ತು. ಸಾಮಾನ್ಯ ಸಿಡಿ ರೈಟರ್‌ಗಳಿಗೆ ಅದನ್ನು ನಕಲು ಮಾಡುವುದು ಸಾಧ್ಯವಿರಲಿಲ್ಲ. ಆಗ ಹುಟ್ಟಿಕೊಂಡದ್ದು ಮಾಡ್‌ಚಿಪ್. ಯಂತ್ರದೊಳಗೆ ಬೆಸುಗೆ ಹಾಕಿದ ಈ ಪುಟ್ಟ ಚಿಪ್, ಡಿಸ್ಕ್‌ನಲ್ಲಿ ಇಲ್ಲದ ಗುರುತನ್ನು ಇದೆಯೆಂದು ನಂಬಿಸುತ್ತಿತ್ತು.

ಭಾರತದಲ್ಲಿ ಕನ್ಸೋಲ್ ಸಂಸ್ಕೃತಿ ಹರಡಿದ್ದು ಬಹುಮಟ್ಟಿಗೆ ಚಿಪ್ ಹಾಕಿಸಿದ ಯಂತ್ರಗಳ ಮೂಲಕವೇ. ಪ್ಲೇಸ್ಟೇಷನ್ 2ರ ಕಾಲದಲ್ಲಿ ದೆಹಲಿಯ ಪಾಲಿಕಾ ಬಜಾರ್, ಬೆಂಗಳೂರು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಂತಹ ತಾಣಗಳು ನಕಲಿ ಡಿಸ್ಕ್‌ಗಳಿಗೆ ಹೆಸರಾಗಿದ್ದವು. ಅಸಲಿ ಆಟದ ಬೆಲೆ ಮಧ್ಯಮ ವರ್ಗದ ಕುಟುಂಬಕ್ಕೆ ಎಟುಕುವಂತಿರಲಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ.

ಮಾಡ್‌ಚಿಪ್ ಕಾನೂನುಬಾಹಿರವೇ ಎಂಬ ಪ್ರಶ್ನೆಗೆ ಎಲ್ಲೆಡೆ ಒಂದೇ ಉತ್ತರ ಸಿಗಲಿಲ್ಲ. ಸೋನಿ ಹೂಡಿದ್ದ ಮೊಕದ್ದಮೆಯೊಂದರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ 2005ರಲ್ಲಿ ಮಾಡ್‌ಚಿಪ್ ಮಾರಿದವರ ಪರ ತೀರ್ಪಿತ್ತಿತು. ಮರುವರ್ಷವೇ ಅಲ್ಲಿನ ಸರ್ಕಾರ ಕಾನೂನನ್ನು ಬಿಗಿಗೊಳಿಸಿತು.

ಅಪ್‌ಡೇಟ್ ಎಂಬ ಅಸ್ತ್ರ

ಹಳೆಯ ಯಂತ್ರಗಳು ಒಮ್ಮೆ ಅಂಗಡಿಯಿಂದ ಹೊರಬಿದ್ದರೆ ಕಂಪನಿಯ ಕೈತಪ್ಪಿದಂತೆಯೇ. ಯಂತ್ರಗಳು ಅಂತರ್ಜಾಲಕ್ಕೆ ಜೋಡಣೆಯಾದ ಮೇಲೆ ಈ ಸ್ಥಿತಿ ಬದಲಾಯಿತು. 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಅಂಗೈ ಯಂತ್ರ ಪಿಎಸ್‌ಪಿ ಈ ಬಗೆಯ ಹಾವು-ಏಣಿ ಆಟಕ್ಕೆ ಮೊದಲ ದೊಡ್ಡ ಕಣವಾಯಿತು. ಹವ್ಯಾಸಿಗಳು ಒಂದು ದೋಷ ಕಂಡುಹಿಡಿದರೆ ಸೋನಿ ಹೊಸ ಆವೃತ್ತಿ ತಂದು ಅದನ್ನು ಮುಚ್ಚುತ್ತಿತ್ತು. ಚಿತ್ರಗಳನ್ನು ತೆರೆಯುವ ತಂತ್ರಾಂಶದ ದೋಷ, ಆಟದ ಉಳಿಕೆ ಕಡತದ ದೋಷ, ಕೊನೆಗೆ ಬ್ಯಾಟರಿಯ ಮೂಲಕವೇ ಯಂತ್ರವನ್ನು ದುರಸ್ತಿ ಸ್ಥಿತಿಗೆ ತರುವ ಉಪಾಯ, ಹೀಗೆ ಒಂದರ ಹಿಂದೊಂದು ಹೊರಬಂದವು. ಹೊಸ ಆಟದ ಡಿಸ್ಕ್‌ನಲ್ಲಿಯೇ ಹೊಸ ಅಪ್‌ಡೇಟ್ ಇರಿಸಿ, ಅದನ್ನು ಅಳವಡಿಸದ ಹೊರತು ಆಟ ನಡೆಯದಂತೆ ಮಾಡಿದ್ದು ಸೋನಿಯ ಪ್ರತಿತಂತ್ರ.

ಮೈಕ್ರೋಸಾಫ್ಟ್ ಬಹಿಷ್ಕಾರದ ಹಾದಿ ಹಿಡಿಯಿತು. ಎಕ್ಸ್‌ಬಾಕ್ಸ್ 360ರ ಡಿವಿಡಿ ಡ್ರೈವ್ ತಿದ್ದಿ ನಕಲಿ ಆಟ ಆಡುತ್ತಿದ್ದವರ ಯಂತ್ರಗಳನ್ನು 2009ರ ನವೆಂಬರ್‌ನಲ್ಲಿ ತನ್ನ ಆನ್‌ಲೈನ್ ಸೇವೆಯಿಂದ ಸಾಮೂಹಿಕವಾಗಿ ಹೊರಹಾಕಿತು. ಹೀಗೆ ಹೊರಬಿದ್ದ ಯಂತ್ರವನ್ನು ತಿಳಿಯದೆ ಸೆಕೆಂಡ್‌ಹ್ಯಾಂಡ್ ಕೊಂಡವನಿಗೂ ಅದೇ ಗತಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊ ತನ್ನ ವೀ ಯಂತ್ರಕ್ಕೆ 4.2 ಅಪ್‌ಡೇಟ್ ನೀಡಿ ಅನಧಿಕೃತ ತಂತ್ರಾಂಶವನ್ನು ಅಳಿಸಲು ಮುಂದಾಯಿತು. ಏನನ್ನೂ ತಿದ್ದದ ಯಂತ್ರಗಳೂ ಇದರಿಂದ ಕೆಟ್ಟು ನಿಂತವೆಂಬ ದೂರುಗಳು ಆಗ ಕೇಳಿಬಂದವು.

ಪಿಎಸ್3: ಕೊಟ್ಟು ಕಿತ್ತುಕೊಂಡ ಸೌಲಭ್ಯ

2006ರ ನವೆಂಬರ್‌ನಲ್ಲಿ ಜಪಾನ್ ಹಾಗೂ ಅಮೆರಿಕದಲ್ಲಿ, 2007ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಪ್ಲೇಸ್ಟೇಷನ್ 3ಕ್ಕೆ ವಿಶೇಷವೊಂದಿತ್ತು. ‘ಅದರ್ ಓಎಸ್’ ಎಂಬ ಸೌಲಭ್ಯದ ಮೂಲಕ ಗ್ರಾಹಕರು ಅದರಲ್ಲಿ ಲಿನಕ್ಸ್ ಅಳವಡಿಸಿಕೊಂಡು ಸಾಮಾನ್ಯ ಗಣಕಯಂತ್ರದಂತೆ ಬಳಸಬಹುದಿತ್ತು. ಸೋನಿಯೇ ಇದನ್ನು ಯಂತ್ರದ ಹೆಚ್ಚುಗಾರಿಕೆಯೆಂದು ಸಾರಿಕೊಂಡಿತ್ತು.

ವಿಜ್ಞಾನಿಗಳು ಇದರ ಪೂರ್ಣ ಪ್ರಯೋಜನ ಪಡೆದರು. ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ಕೇಂದ್ರದಲ್ಲಿದ್ದ ಭೌತವಿಜ್ಞಾನಿ ಗೌರವ್ ಖನ್ನಾ 2007ರಲ್ಲಿ ಪಿಎಸ್3 ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ, ಕಪ್ಪುಕುಳಿ ಮತ್ತು ಗುರುತ್ವ ಅಲೆಗಳ ಲೆಕ್ಕಾಚಾರಕ್ಕೆ ಅಗ್ಗದ ಸೂಪರ್ ಕಂಪ್ಯೂಟರ್ ರೂಪಿಸಿದರು. ಅಮೆರಿಕ ವಾಯುಪಡೆಯ ಸಂಶೋಧನಾಲಯ 2010ರಲ್ಲಿ ಸುಮಾರು 1,760 ಪಿಎಸ್3ಗಳನ್ನು ಜೋಡಿಸಿ ‘ಕಾಂಡೋರ್’ ಎಂಬ ವ್ಯವಸ್ಥೆಯನ್ನೇ ಕಟ್ಟಿತು.

2010ರ ಜನವರಿಯಲ್ಲಿ, ಐಫೋನ್ ಬೀಗ ಮುರಿದು ಹೆಸರಾಗಿದ್ದ ಅಮೆರಿಕದ ಯುವಕ ಜಾರ್ಜ್ ಹಾಟ್ಜ್, ಲಿನಕ್ಸ್ ಮೂಲಕವೇ ಯಂತ್ರದ ಕಾವಲು ತಂತ್ರಾಂಶವನ್ನು ಭೇದಿಸಿದ್ದಾಗಿ ಪ್ರಕಟಿಸಿದ. ಅದರಿಂದ ನಕಲಿ ಆಟ ಆಡುವುದು ಆಗಿನ್ನೂ ಸಾಧ್ಯವಿರಲಿಲ್ಲ. ಆದರೆ ಸೋನಿ ಎಚ್ಚೆತ್ತಿತು. ಭದ್ರತೆಯ ಕಾರಣ ಮುಂದೊಡ್ಡಿ, ಏಪ್ರಿಲ್ 1ರ 3.21 ಅಪ್‌ಡೇಟ್ ಮೂಲಕ ಅದರ್ ಓಎಸ್ ಸೌಲಭ್ಯವನ್ನೇ ತೆಗೆದುಹಾಕಿತು.

ಅಪ್‌ಡೇಟ್ ಕಡ್ಡಾಯವಲ್ಲ, ಬೇಕಾದವರು ಮಾತ್ರ ಹಾಕಿಕೊಳ್ಳಬಹುದು ಎಂಬುದು ಕಾಗದದ ಮೇಲಿನ ಮಾತು. ಬೇಡವೆಂದವರಿಗೆ ಪ್ಲೇಸ್ಟೇಷನ್ ನೆಟ್‌ವರ್ಕ್ ಪ್ರವೇಶವಿಲ್ಲ, ಆನ್‌ಲೈನ್ ಆಟವಿಲ್ಲ, ಹೊಸ ಆವೃತ್ತಿ ಬೇಡುವ ಬ್ಲೂ-ರೇ ಡಿಸ್ಕ್ ನಡೆಯುವುದಿಲ್ಲ. ಬೇಕೆಂದವರಿಗೆ ಲಿನಕ್ಸ್ ಇಲ್ಲ. ಎರಡಕ್ಕೂ ಹಣ ತೆತ್ತಿದ್ದ ಗ್ರಾಹಕ ಒಂದನ್ನು ಬಿಟ್ಟುಕೊಡಲೇಬೇಕಾಯಿತು. ಅವರಲ್ಲಿ ಬಹಳಷ್ಟು ಮಂದಿ ನಕಲಿ ಆಟದ ಗೊಡವೆಗೇ ಹೋದವರಲ್ಲ.

ಬೀಗ ಮುರಿದು ಬಿದ್ದ ಬಗೆ

2010ರ ಆಗಸ್ಟ್‌ನಲ್ಲಿ ‘ಪಿಎಸ್ ಜೈಲ್‌ಬ್ರೇಕ್’ ಎಂಬ ಯುಎಸ್‌ಬಿ ಸಾಧನ ಮಾರುಕಟ್ಟೆಗೆ ಬಂದಿತು. ಇದನ್ನು ಸಿಕ್ಕಿಸಿದರೆ ಆಟಗಳನ್ನು ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ ಆಡಬಹುದಿತ್ತು. ಆಸ್ಟ್ರೇಲಿಯಾದಲ್ಲಿ ಸೋನಿ ನ್ಯಾಯಾಲಯದ ಮೂಲಕ ಅದರ ಮಾರಾಟ ತಡೆಯಿತು. ಸೆಪ್ಟೆಂಬರ್‌ನಲ್ಲಿ 3.42 ಅಪ್‌ಡೇಟ್ ತಂದು ಆ ಹಾದಿಯನ್ನು ಮುಚ್ಚಿತು.

ದೊಡ್ಡ ಪೆಟ್ಟು ಬಿದ್ದದ್ದು ಡಿಸೆಂಬರ್ ಕೊನೆಯಲ್ಲಿ. ಬರ್ಲಿನ್‌ನಲ್ಲಿ ನಡೆದ ಕೇಯಾಸ್ ಸಂವಹನ ಸಮಾವೇಶದಲ್ಲಿ ‘ಫೇಲ್‌ಓವರ್‌ಫ್ಲೋ’ ಎಂಬ ತಂಡ ಸೋನಿಯ ಡಿಜಿಟಲ್ ಸಹಿಯಲ್ಲಿನ ಮೂಲಭೂತ ಪ್ರಮಾದವನ್ನು ಬಯಲಿಗೆಳೆಯಿತು. ಪ್ರತಿಯೊಂದು ಸಹಿಗೂ ಯಾರೂ ಊಹಿಸಲಾಗದ ಹೊಸ ಸಂಖ್ಯೆಯೊಂದನ್ನು ಬಳಸಬೇಕೆಂಬುದು ಈ ಗಣಿತದ ನಿಯಮ. ಸೋನಿ ಮಾತ್ರ ಪ್ರತಿ ಬಾರಿಯೂ ಒಂದೇ ಸಂಖ್ಯೆಯನ್ನು ಬಳಸಿತ್ತು. ಹೀಗಾದಾಗ ಎರಡು ಸಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ಸರಳ ಬೀಜಗಣಿತದಿಂದ ಗುಪ್ತ ಕೀಲಿಯನ್ನೇ ಲೆಕ್ಕಹಾಕಬಹುದು. ಕೀಲಿ ಸಿಕ್ಕಿದರೆ ಯಾರು ಬೇಕಾದರೂ ಸೋನಿಯ ಹೆಸರಿನಲ್ಲಿ ಸಹಿ ಹಾಕಬಹುದು.

ಆ ತಂಡ ಮಂಡಿಸಿದ ವಾದವೂ ಗಮನಾರ್ಹ. ಕನ್ಸೋಲ್‌ಗಳ ಬೀಗವನ್ನು ಮೊದಲು ಮುರಿಯುವ ಸಮರ್ಥರು ಬಹುಪಾಲು ಲಿನಕ್ಸ್ ಅಥವಾ ಸ್ವಂತ ತಂತ್ರಾಂಶ ನಡೆಸಬಯಸುವ ಹವ್ಯಾಸಿಗಳು. ನಕಲುಕೋರರು ಬರುವುದು ಅವರ ಬೆನ್ನ ಹಿಂದೆ. ಪಿಎಸ್3ರಲ್ಲಿ ಲಿನಕ್ಸ್‌ಗೆ ರಾಜಮಾರ್ಗವೇ ಇದ್ದುದರಿಂದ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ಅಭೇದ್ಯವಾಗಿ ಉಳಿದಿತ್ತು, ಆ ಮಾರ್ಗ ಮುಚ್ಚಿದ ವರ್ಷದೊಳಗೇ ಬೀಗ ಬಿದ್ದುಹೋಯಿತು ಎಂಬುದು ಅವರ ನಿಲುವು. ದೋಷ ಮೊದಲಿನಿಂದಲೂ ಇತ್ತು, ಎಂದಾದರೊಂದು ದಿನ ಹೊರಬರುತ್ತಿತ್ತು ಎಂಬ ಪ್ರತಿವಾದವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ಹುಡುಕುವ ಹಟ ಹುಟ್ಟಿಸಿದ್ದು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ.

2011ರ ಜನವರಿ ಮೊದಲ ವಾರ ಹಾಟ್ಜ್ ಯಂತ್ರದ ಮೂಲ ಕೀಲಿಯನ್ನು ಪ್ರಕಟಿಸಿದ. ಜನವರಿ 11ರಂದು ಸೋನಿ ಆತನ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ಏಪ್ರಿಲ್‌ನಲ್ಲಿ ರಾಜಿ ಪ್ರಕಟವಾಯಿತು. ಸೋನಿ ಉತ್ಪನ್ನಗಳ ಬೀಗ ಮುರಿಯುವುದಿಲ್ಲವೆಂಬ ನಿರ್ಬಂಧಕ್ಕೆ ಹಾಟ್ಜ್ ಒಪ್ಪಿದ. ಅದೇ ತಿಂಗಳು ಅಪರಿಚಿತರು ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ನುಗ್ಗಿ ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೀಡಾಯಿತು. ಸೇವೆ ಮೂರು ವಾರಕ್ಕೂ ಹೆಚ್ಚು ಕಾಲ ಸ್ಥಗಿತಗೊಂಡಿತು. ಅಪ್‌ಡೇಟ್ ಒಪ್ಪಿ, ಲಿನಕ್ಸ್ ಬಿಟ್ಟು, ಜಾಲದೊಳಗೆ ಉಳಿದಿದ್ದ ಪ್ರಾಮಾಣಿಕ ಗ್ರಾಹಕರೇ ಇಲ್ಲಿ ತೊಂದರೆಗೆ ಸಿಲುಕಿದರು.

ಅದರ್ ಓಎಸ್ ಕಳೆದುಕೊಂಡವರು 2010ರಲ್ಲಿಯೇ ಅಮೆರಿಕದಲ್ಲಿ ಹೂಡಿದ್ದ ಸಾಮೂಹಿಕ ದಾವೆ 2011ರಲ್ಲಿ ವಜಾಗೊಂಡು, 2014ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಭಾಗಶಃ ಜೀವ ಪಡೆಯಿತು. 2018ರಲ್ಲಿ 37.5 ಲಕ್ಷ ಡಾಲರ್‌ಗಳ ಪರಿಹಾರ ನಿಧಿಗೆ ಸೋನಿ ಒಪ್ಪಿತು. ಅರ್ಹರಿಗೆ ಗರಿಷ್ಠ 65 ಡಾಲರ್ ಎಂದು ನಿಗದಿಯಾಯಿತು. ಅಷ್ಟರಲ್ಲಿ ಎಂಟು ವರ್ಷಗಳು ಉರುಳಿದ್ದವು, ಯಂತ್ರದ ಉತ್ಪಾದನೆಯೇ ನಿಂತುಹೋಗಿತ್ತು.

ಅಪ್‌ಡೇಟ್‌ಗೂ ಮೀರಿದ ದೋಷ

ಎಲ್ಲ ರೋಗಕ್ಕೂ ಅಪ್‌ಡೇಟ್ ಮದ್ದಲ್ಲ. ನಿಂಟೆಂಡೊ ಸ್ವಿಚ್‌ನ ಪ್ರೊಸೆಸರ್‌ನಲ್ಲಿದ್ದ ದೋಷವೊಂದು 2018ರ ಏಪ್ರಿಲ್‌ನಲ್ಲಿ ಬಹಿರಂಗವಾಯಿತು. ತಯಾರಿಕೆಯ ಸಮಯದಲ್ಲಿಯೇ ಚಿಪ್‌ನೊಳಗೆ ಬರೆದುಬಿಟ್ಟ ಆರಂಭಿಕ ಸೂಚನೆಗಳಲ್ಲಿ ಅದು ಇದ್ದುದರಿಂದ, ಆಗಲೇ ಮಾರಾಟವಾಗಿದ್ದ ಯಂತ್ರಗಳಲ್ಲಿ ಸರಿಪಡಿಸುವ ದಾರಿಯೇ ಇರಲಿಲ್ಲ. ಹೊಸ ಯಂತ್ರಗಳನ್ನು ತಿದ್ದಿ ತಯಾರಿಸಲಾಯಿತು. ಹಳೆಯವುಗಳ ವಿಷಯದಲ್ಲಿ ಕಂಪನಿ ಕಾನೂನಿನ ಮೊರೆಹೋಯಿತು. ಸ್ವಿಚ್‌ನ ಬೀಗ ತಪ್ಪಿಸುವ ಸಾಧನ ಮಾರುತ್ತಿದ್ದ ‘ಟೀಮ್ ಎಕ್ಸೆಕ್ಯೂಟರ್’ ಗುಂಪಿನ ಸದಸ್ಯನೊಬ್ಬನಿಗೆ 2022ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯಾಯಾಲಯ 40 ತಿಂಗಳ ಸೆರೆವಾಸ ವಿಧಿಸಿತು.

2025ರ ಮೇ ತಿಂಗಳಲ್ಲಿ ನಿಂಟೆಂಡೊ ಅಮೆರಿಕದ ಬಳಕೆದಾರರ ಒಪ್ಪಂದವನ್ನು ಪರಿಷ್ಕರಿಸಿ, ನಿಯಮ ಮುರಿದರೆ ಯಂತ್ರವನ್ನು ಪೂರ್ಣವಾಗಿ ಅಥವಾ ಭಾಗಶಃ ಶಾಶ್ವತವಾಗಿ ನಿರುಪಯುಕ್ತಗೊಳಿಸಬಹುದೆಂಬ ಷರತ್ತು ಸೇರಿಸಿತು. ಜೂನ್‌ನಲ್ಲಿ ಸ್ವಿಚ್ 2 ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಆಟದ ಪ್ರತಿಗಳನ್ನಿಡುವ ಅನಧಿಕೃತ ಕಾರ್ಡ್ ಬಳಸಿದವರ ಯಂತ್ರಗಳು ಆನ್‌ಲೈನ್ ಸೇವೆಯಿಂದ ಹೊರಬಿದ್ದವು.

ಕಾನೂನು ಏನೆನ್ನುತ್ತದೆ?

ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆ ಬೀಗ ತಪ್ಪಿಸುವುದನ್ನೇ ಅಪರಾಧವೆನ್ನುತ್ತದೆ. ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳ ಪರಿಶೀಲನೆ ನಡೆಯುತ್ತದೆ. 2010ರಲ್ಲಿ ಮೊಬೈಲ್ ಫೋನ್‌ಗಳಿಗೆ ವಿನಾಯಿತಿ ದೊರೆಯಿತು. ಕನ್ಸೋಲ್‌ಗಳಿಗೂ ಅದೇ ಬೇಕೆಂಬ ಬೇಡಿಕೆ 2012ರಲ್ಲಿ ತಿರಸ್ಕೃತವಾಯಿತು. ಕೆಟ್ಟ ಡಿಸ್ಕ್ ಡ್ರೈವ್ ದುರಸ್ತಿಗಷ್ಟೇ 2021ರಲ್ಲಿ ಅವಕಾಶ ಸಿಕ್ಕಿತು.

ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು 65ಎ ಸೆಕ್ಷನ್ ಅನ್ನು ಸೇರಿಸಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ತಂತ್ರವನ್ನು ತಪ್ಪಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ‘ಉದ್ದೇಶ’ ಎಂಬ ಪದ ಇಲ್ಲಿ ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕೆ, ಗೂಢಲಿಪಿ ಸಂಶೋಧನೆಗೆ, ಮಾಲೀಕರ ಅನುಮತಿಯೊಡನೆ ನಡೆಸುವ ಭದ್ರತಾ ಪರೀಕ್ಷೆಗೆ ವಿನಾಯಿತಿಯಿದೆ. ಇನ್ನೊಂದೆಡೆ, 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕನ ಹಕ್ಕುಗಳನ್ನು ಏಕಪಕ್ಷೀಯವಾಗಿ ಮೊಟಕುಗೊಳಿಸುವ ಅನ್ಯಾಯದ ಒಪ್ಪಂದಗಳನ್ನು ಪ್ರಶ್ನಿಸಲು ಅವಕಾಶ ಕಲ್ಪಿಸಿದೆ.

ಗ್ರಾಹಕರು ತಿಳಿದಿರಬೇಕಾದದ್ದು

* ಅಪ್‌ಡೇಟ್ ಹಾಕುವ ಮುನ್ನ ಅದು ಏನನ್ನು ಸೇರಿಸುತ್ತದೆ ಎಂಬುದರ ಜೊತೆಗೆ ಏನನ್ನು ತೆಗೆಯುತ್ತದೆ ಎಂಬುದನ್ನೂ ಓದುವುದು ಒಳಿತು. ಒಮ್ಮೆ ಅಳವಡಿಸಿದರೆ ಹಿಂದಿನ ಆವೃತ್ತಿಗೆ ಮರಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ.
* ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವವರು ಅಂಗಡಿಯಲ್ಲಿಯೇ ಆನ್‌ಲೈನ್ ಸೇವೆಗೆ ಜೋಡಿಸಿ ನೋಡಬೇಕು. ಬಹಿಷ್ಕಾರ ಯಂತ್ರಕ್ಕೆ ಅಂಟಿಕೊಂಡಿರುತ್ತದೆಯೇ ಹೊರತು ಹಿಂದಿನ ಮಾಲೀಕನಿಗಲ್ಲ.
* ಚಿಪ್ ಹಾಕಿಸಿದ ಅಥವಾ ತಂತ್ರಾಂಶ ತಿದ್ದಿಸಿದ ಯಂತ್ರಕ್ಕೆ ವಾರಂಟಿ ದೊರೆಯುವುದು ಕಷ್ಟ. ಮುಂದಿನ ಅಪ್‌ಡೇಟ್‌ನಲ್ಲಿ ಅದು ಕೆಲಸ ನಿಲ್ಲಿಸಲೂಬಹುದು.
* ಬಿಲ್ಲು ಹಾಗೂ ಖರೀದಿಯ ವೇಳೆ ಜಾಹೀರಾತಿನಲ್ಲಿದ್ದ ಸೌಲಭ್ಯಗಳ ವಿವರವನ್ನು ಕಾದಿರಿಸಿಕೊಳ್ಳಬೇಕು. ಅದರ್ ಓಎಸ್ ವ್ಯಾಜ್ಯ ನಿಂತದ್ದೇ ಸೋನಿ ತಾನು ಸಾರಿದ್ದ ಸೌಲಭ್ಯವನ್ನು ಹಿಂತೆಗೆದುಕೊಂಡಿತೆಂಬ ಆಧಾರದ ಮೇಲೆ.

ಆಟ ಬರೆದವರ ದುಡಿಮೆಗೆ ರಕ್ಷಣೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ರಕ್ಷಣೆಯ ಬೆಲೆಯನ್ನು ಯಾರು ತೆರಬೇಕು ಎಂಬುದು ಇತ್ಯರ್ಥವಾಗಿಲ್ಲ. ಪಿಎಸ್3ರ ವಿಷಯದಲ್ಲಿ ನಕಲುಕೋರರು ಕೆಲವೇ ತಿಂಗಳಲ್ಲಿ ತಮ್ಮ ದಾರಿ ಕಂಡುಕೊಂಡರು. ಹಣ ಕೊಟ್ಟು ಕೊಂಡವರು ಎಂಟು ವರ್ಷ ನ್ಯಾಯಾಲಯದ ಬಾಗಿಲು ಕಾದರು. ಫೋನ್, ಟಿವಿ, ಕಾರು ಎಲ್ಲವೂ ಅಪ್‌ಡೇಟ್ ಬೇಡುವ ಯಂತ್ರಗಳಾಗಿರುವ ಈ ದಿನಗಳಲ್ಲಿ ಈ ಲೆಕ್ಕ ಆಟವಾಡುವ ಹುಡುಗರಿಗಷ್ಟೇ ಸೀಮಿತವಾದುದಲ್ಲ.